ಅಡಿಟಿಪ್ಪಣಿಯ ಯಜಮಾನ

ಅವನನ್ನು ಎಲ್ಲರೂ ಯಜಮಾನ ಎಂದು ಕರೆಯುತ್ತಿದ್ದರು. ಮನೆಯಲ್ಲಲ್ಲ, ಮನೆಯಲ್ಲಿ ಅವನ ಮಾತು ಎಷ್ಟು ನಡೆಯುತ್ತಿತ್ತೆಂಬುದು ಬೇರೆ ವಿಷಯ. ಅವನ ಯಜಮಾನಿಕೆ ಇದ್ದದ್ದು ಒಂದು ತಂತ್ರಾಂಶದಲ್ಲಿ. ಪುಸ್ತಕ, ಪ್ರಬಂಧ, ವರದಿ ಬರೆಯುವವರಿಗೆಂದು ಎಲ್ಲೆಲ್ಲಿಯದೋ ಜನ ಬಿಡುವಿನ ವೇಳೆಯಲ್ಲಿ ಸೇರಿ ಕಟ್ಟಿದ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ಯಾರು ಬೇಕಾದರೂ ಒಳಗೆ ಕೈಹಾಕಿ ತಿದ್ದಬಹುದಾದ ತಂತ್ರಾಂಶ ಅದು. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಭಾಗ. ಯಾವ ಮಾತನ್ನು ಯಾವ ಪುಸ್ತಕದಿಂದ ತೆಗೆದುಕೊಂಡೆವೆಂದು ಬರೆಯುವವರು ಹೇಳಬೇಕಲ್ಲ, ಆ ಆಕರಗಳ ಭಾಗ ಇವನದು. ಆಕರದ ಹೆಸರನ್ನು ಅಚ್ಚುಕಟ್ಟಾಗಿ ಪುಟದ ಕೆಳಗೆ ಅಡಿಟಿಪ್ಪಣಿಯಾಗಿ ಕೂರಿಸುವ ಏರ್ಪಾಡನ್ನು ಅವನು ಒಬ್ಬನೇ, ಯಾರ ಸಹಾಯವೂ ಇಲ್ಲದೆ, ವರ್ಷಗಟ್ಟಲೆ ಕೂತು ಬರೆದಿದ್ದ.

ಹಗಲು ಹೊತ್ತು ಅವನು ಒಂದು ಔಷಧಿ ಗೋದಾಮಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಅಲ್ಲಿ ಅವನು ಯಾವ ಯಜಮಾನನೂ ಅಲ್ಲ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕೂಗಿ ಕರೆಯುವ ಮನುಷ್ಯ, ಅಷ್ಟೆ. ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಊಟದ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್ ತೆರೆದರೆ ಮಾತ್ರ ಅವನ ಬೆನ್ನು ನೆಟ್ಟಗಾಗುತ್ತಿತ್ತು. ತಂತ್ರಾಂಶದ ಚರ್ಚೆಯ ಪುಟದಲ್ಲಿ ಯಾರೋ ಒಬ್ಬ ಸಂಶೋಧಕ, 'ಯಜಮಾನರೇ, ನಿಮ್ಮ ಅಡಿಟಿಪ್ಪಣಿ ಇಲ್ಲದಿದ್ದರೆ ನನ್ನ ಪುಸ್ತಕ ಮುಗಿಯುತ್ತಿರಲಿಲ್ಲ' ಎಂದು ಬರೆದಿರುತ್ತಿದ್ದ. ಅದನ್ನು ಅವನು ಓದಿ, ಇನ್ನೊಮ್ಮೆ ಓದಿ, ಉತ್ತರವಾಗಿ ಒಂದೇ ಒಂದು ಸಾಲು ಬರೆಯುತ್ತಿದ್ದ. ದೊಡ್ಡವರು ಹೆಚ್ಚು ಮಾತಾಡಬಾರದೆಂಬುದು ಅವನ ನಂಬಿಕೆ.

ಮೇಜಿನ ಇನ್ನೊಂದು ತುದಿಯಲ್ಲಿ ಹೆಂಡತಿ ಕೂರುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ಉಗ್ಗುವ ಮಕ್ಕಳಿಗೆ ಮಾತು ಕಲಿಸುವವಳು. ಆ ಮಕ್ಕಳ ಬಗ್ಗೆಯೇ ಡಾಕ್ಟರೇಟಿಗೆ ಮಹಾಪ್ರಬಂಧ ಬರೆಯುತ್ತಿದ್ದಳು, ಗಂಡನ ತಂತ್ರಾಂಶದಲ್ಲೇ. ಅವಳ ಶಾಸ್ತ್ರದಲ್ಲಿ ಅಡಿಟಿಪ್ಪಣಿ ನಡೆಯುವುದಿಲ್ಲ. ಮಾತಿನ ನಡುವೆಯೇ ಬ್ರಾಕೆಟ್ ಹಾಕಿ, ಅದರೊಳಗೆ ಲೇಖಕರ ಹೆಸರು, ಅಲ್ಪವಿರಾಮ, ವರ್ಷ ಬರೆಯಬೇಕು. ಲೇಖಕರ ಹೆಸರು ವಾಕ್ಯದಲ್ಲೇ ಬಂದಿದ್ದರೆ ವರ್ಷ ಮಾತ್ರ ಬ್ರಾಕೆಟ್ಟಿನೊಳಗೆ. ಬರೆದವರು ಹಲವರಿದ್ದರೆ ಒಬ್ಬರ ಹೆಸರು, ಮುಂದೆ 'ಮತ್ತಿತರರು'. ಇದನ್ನೆಲ್ಲ ತಂತ್ರಾಂಶ ತಾನೇ ಮಾಡುವಂತೆ ಮಾಡಿಕೊಡು ಎಂದು ಅವಳು ಮೊದಲ ಅಧ್ಯಾಯ ಬರೆಯುವಾಗಲೇ ಕೇಳಿದ್ದಳು. ಮಾಡೋಣ ಎಂದಿದ್ದ. ಎರಡನೆಯ ಅಧ್ಯಾಯಕ್ಕೂ ಮಾಡೋಣ ಎಂದ. ಮೂರನೆಯದರ ಹೊತ್ತಿಗೆ ಅವಳು ಕೇಳುವುದನ್ನು ಬಿಟ್ಟು, ಪ್ರತಿ ಬ್ರಾಕೆಟ್ಟನ್ನೂ ಕೈಯಾರೆ ಟೈಪ್ ಮಾಡತೊಡಗಿದಳು. ಒಂದು ವರ್ಷ ತಪ್ಪಾದರೆ ಇಡೀ ಅಧ್ಯಾಯ ಹುಡುಕಿ ತಿದ್ದಬೇಕು. ತಿದ್ದುತ್ತಿದ್ದಳು, ಬಾಯಿ ಬಿಡದೆ.

ಅವನಿಗೆ ಬ್ರಾಕೆಟ್ ಕಂಡರೆ ಆಗುತ್ತಿರಲಿಲ್ಲ ಎಂಬುದು ಅರ್ಧ ನಿಜ. ಓದುವವನ ಕಾಲಿಗೆ ಹೆಜ್ಜೆಹೆಜ್ಜೆಗೂ ಕಲ್ಲು ಇಟ್ಟಂತೆ ಎಂದು ಮೂಗು ಮುರಿಯುತ್ತಿದ್ದ. ಉಳಿದ ಅರ್ಧವನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವನು ಕಟ್ಟಿದ ಏರ್ಪಾಡಿನಲ್ಲಿ ಆಕರವೆಂದರೆ ಪುಟದ ಕೆಳಕ್ಕೇ ಹೋಗಬೇಕು. ಬೇರೆ ದಾರಿಯೇ ಇರಲಿಲ್ಲ. ಬ್ರಾಕೆಟ್ ಬೇಕೆಂದರೆ ಪಾಯದಿಂದ ಕೆಡವಬೇಕು. ಕೆಡವಿದ ಮೇಲೆ ಮತ್ತೆ ಕಟ್ಟಲು ತನ್ನಿಂದ ಆಗುತ್ತದೋ ಇಲ್ಲವೋ ಎಂದು ಅವನಿಗೆ ಭಯವಿತ್ತು.

ಒಂದು ಸಂಜೆ ಚರ್ಚೆಯ ಪುಟದಲ್ಲಿ ಹೊಸ ಬೇಡಿಕೆಯೊಂದು ಕಾಣಿಸಿತು. ಪಠ್ಯದೊಳಗೇ ಹೆಸರು-ವರ್ಷ ಹಾಕುವ ಪದ್ಧತಿ ಬೇಕು, ಯಾರಾದರೂ ಮಾಡಿಕೊಡುತ್ತೀರಾ ಎಂದು. ಬರೆದವರ ಅಡ್ಡಹೆಸರು 'ಆರನೇ ಅಧ್ಯಾಯ'. ಆರನೇ ಅಧ್ಯಾಯದಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿದ್ದವಳು ಯಾರೆಂದು ತಿಳಿಯಲು ಅವನು ಜ್ಯೋತಿಷ್ಯ ಕೇಳಬೇಕಾಗಿರಲಿಲ್ಲ. ಮೇಜಿನ ಆಚೆ ತುದಿಯಲ್ಲೇ ಕೂತಿದ್ದಳು. ಅವನಿಗೆ ಮುಖ ಸುಟ್ಟಂತಾಯಿತು. ಮನೆಯ ಗಂಡನನ್ನು ಬಿಟ್ಟು ಬೀದಿಯಲ್ಲಿ ನಿಂತು ಕೇಳಿದಳಲ್ಲ ಎಂದುಕೊಂಡ. ಮನೆಯಲ್ಲಿ ಎಷ್ಟು ಸಲ ಕೇಳಿದ್ದಳೆಂಬುದು ಆಗ ನೆನಪಾಗಲಿಲ್ಲ. ಕಂಡೂ ಕಾಣದವನಂತೆ ಸುಮ್ಮನಿದ್ದುಬಿಟ್ಟ.

ಸುಮ್ಮನಿರದವರೊಬ್ಬರು ಇದ್ದರು. 'ಮಿಂಚುಹುಳ' ಎಂಬ ಅಡ್ಡಹೆಸರಿನ, ಯಾವ ಊರಿನವರೋ ಗೊತ್ತಿಲ್ಲದ ಹೊಸಬರು. ನಾನು ಪ್ರಯತ್ನಿಸಲೇ ಎಂದು ಕೇಳಿದರು, ಉತ್ತರ ಬರುವ ಮೊದಲೇ ಶುರುಮಾಡಿದರು, ಕೆಲವೇ ವಾರಗಳಲ್ಲಿ ಮಾಡಿ ತಂದಿಟ್ಟರು. ಅವರು ಏನನ್ನೂ ಕೆಡವಿರಲಿಲ್ಲ. ಯಜಮಾನನ ಕಟ್ಟಡದ ಪಕ್ಕಕ್ಕೆ ಸಣ್ಣದೊಂದು ಬಾಗಿಲು ತೆಗೆದು, ಆಕರ ಕೆಳಕ್ಕೆ ಹೋಗುವ ಮೊದಲೇ ಅದನ್ನು ಹಿಡಿದು ಬ್ರಾಕೆಟ್ಟಿನೊಳಗೆ ಕೂರಿಸಿದ್ದರು. ಇಷ್ಟು ಸುಲಭವಾಗಿತ್ತೇ ಎಂದು ಅವನಿಗೆ ಅನಿಸಿದ ಕ್ಷಣದಿಂದ ಹೊಟ್ಟೆಕಿಚ್ಚು ಶುರುವಾಯಿತು.

ಕಿಚ್ಚಿಗೆ ಎಣ್ಣೆ ಸುರಿಯುವವರಿಗೇನೂ ಕಡಿಮೆ ಇರಲಿಲ್ಲ. ತಂತ್ರಾಂಶವನ್ನು ಮೊದಲು ಶುರುಮಾಡಿದ ಹಿರಿಯನನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು; ಆ ಅಜ್ಜ ಎಂದೂ ಯಾರನ್ನೂ ಹೊಗಳಿದವನಲ್ಲ. ಅವನೇ ಬಂದು, 'ಇಷ್ಟು ವರ್ಷ ಇದು ಯಾಕೆ ಆಗಲಿಲ್ಲ ಎಂದು ಈಗ ಯೋಚಿಸುತ್ತಿದ್ದೇನೆ' ಎಂದು ಬರೆದ. ಸಾಲುಸಾಲಾಗಿ ಚಪ್ಪಾಳೆ ಬಿತ್ತು. ಮನೆಯಲ್ಲಿಯೂ ಅದೇ ಹಾಡು. ಮಿಂಚುಹುಳ ಹೀಗೆಂದರು, ಮಿಂಚುಹುಳ ಹಾಗೆ ಮಾಡಿ ನೋಡಿ ಎಂದರು ಎಂದು ಹೆಂಡತಿ ತಿಂಡಿಯ ಹೊತ್ತಿಗೇ ಶುರುಮಾಡುತ್ತಿದ್ದಳು. ಅವರಿಬ್ಬರ ನಡುವೆ ಸಂದೇಶಗಳು ಓಡಾಡುತ್ತಿದ್ದವು. ಒಂದು ಬ್ರಾಕೆಟ್ಟಿನೊಳಗೆ ಮೂವರನ್ನು ಸೇರಿಸಿದರೆ ನಡುವೆ ಯಾವ ಚಿಹ್ನೆ ಹಾಕಬೇಕು, ಪುಟಸಂಖ್ಯೆ ಎಲ್ಲಿ ಬರಬೇಕು ಎಂದೆಲ್ಲ ಅವರು ಕೇಳುತ್ತಿದ್ದರು, ಇವಳು ಹೇಳುತ್ತಿದ್ದಳು. ಒಮ್ಮೆ ಒಲೆಯ ಮುಂದೆ ನಿಂತು ಫೋನು ನೋಡಿ ಅವಳು ಒಬ್ಬಳೇ ನಕ್ಕಳು. ಅಲ್ಪವಿರಾಮದ ಬಗ್ಗೆ ಇಷ್ಟು ನಗುವಂಥದ್ದೇನಿದೆ ಎಂದು ಅವನಿಗೆ ಮೈಯೆಲ್ಲ ಉರಿಯಿತು.

ತಡೆಯಲಾರದೆ, ಆ ಮಿಂಚುಹುಳ ಗಂಡೋ ಹೆಣ್ಣೋ ಎಂದು ಕೇಳಿಯೇಬಿಟ್ಟ. ಕೇಳಿದ್ದು ತಂತ್ರಾಂಶದ ವಿಚಾರವೇನೋ ಎನ್ನುವಂತೆ ಪರದೆಯಿಂದ ಕಣ್ಣೆತ್ತದೆ.

"ಕೇಳಿಲ್ಲಪ್ಪ," ಎಂದಳು ಅವಳು. "ಅದು ಯಾಕೆ ಬೇಕು?"

ಬೇಕಿರಲಿಲ್ಲ, ಸುಮ್ಮನೆ ಕೇಳಿದೆ ಎಂದ. ಆದರೆ ಅವನ ತಲೆಯೊಳಗೆ ಮಿಂಚುಹುಳ ಆಗಲೇ ಎತ್ತರದ, ಗುಂಗುರು ಕೂದಲಿನ, ಬಿಡುವೇ ಬಿಡುವಿರುವ ಯುವಕನಾಗಿ ಕೂತುಬಿಟ್ಟಿದ್ದ. ವಾರಕ್ಕೊಮ್ಮೆ ಫೋನು ಮಾಡುವ ಅತ್ತೆ ಬೇರೆ, ಯಾರೋ ಪುಣ್ಯಾತ್ಮ ಮಗಳ ಕಷ್ಟ ಪರಿಹಾರ ಮಾಡಿದನಂತಲ್ಲ, ಬಹಳ ಸಂತೋಷ ಎಂದು ಅಳಿಯನಿಗೇ ಹೇಳಿದರು. ಅಳಿಯ ಹೌದು ಎಂದು ಹೇಳಿ, ಹಾಲು ಉಕ್ಕುತ್ತಿದೆಯೆಂದು ಸುಳ್ಳು ಹೇಳಿ ಫೋನಿಟ್ಟ.

ಆ ತಂತ್ರಾಂಶದ ಬಳಗದಲ್ಲಿ ಒಂದು ಪದ್ಧತಿ ಇತ್ತು. ಯಾರು ಏನೇ ಬರೆದರೂ ಅದು ನೇರವಾಗಿ ಒಳಗೆ ಸೇರುವಂತಿಲ್ಲ. ಆ ಭಾಗದ ಯಜಮಾನ ಅದನ್ನು ಸಾಲುಸಾಲಾಗಿ ಓದಿ, ಸರಿಯಿದ್ದರೆ ಹಸಿರು ಗುರುತು ಹಾಕಬೇಕು. ಅವನು ಒಮ್ಮೆ 'ಓದುತ್ತಿದ್ದೇನೆ' ಎಂದು ಬರೆದನೆಂದರೆ ಮುಗಿಯಿತು, ಅವನು ಮುಗಿಸುವವರೆಗೆ ಬೇರೆ ಯಾರೂ ಅದರ ಮೇಲೆ ಕೈಯಿಡುವುದಿಲ್ಲ. ಸಂಬಳವಿಲ್ಲದ ಕೆಲಸದಲ್ಲಿ ಒಬ್ಬರಿಗೊಬ್ಬರು ಕೊಡುವ ಮರ್ಯಾದೆ ಅದು. ಯಜಮಾನ 'ಓದುತ್ತಿದ್ದೇನೆ' ಎಂದು ಬರೆದ. ಬರೆದು, ಓದದೆ ಕೂತ. ಒಂದು ವಾರವಾಯಿತು, ಎರಡಾಯಿತು. ಯಾರೂ ತುಟಿ ಎರಡು ಮಾಡಲಿಲ್ಲ, ಮಿಂಚುಹುಳ ಕೂಡ. ಅದೂ ಅವನಿಗೆ ಸಿಟ್ಟು ತರಿಸಿತು. ಅವಸರ ಮಾಡಿದ್ದರೆ ಒಂದು ಮಾತು ಗದರಬಹುದಿತ್ತು.

ಕೇಳಿದವಳು ಹೆಂಡತಿ ಮಾತ್ರ. ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬರುತ್ತಿತ್ತು. ಹಸಿರು ಬೀಳದಿದ್ದರೂ ಪರವಾಗಿಲ್ಲ, ಪ್ರಯೋಗದ ಪ್ರತಿಯನ್ನೇ ಬಳಸಿ ನೋಡಿ ಎಂದು ಮಿಂಚುಹುಳ ಅವಳಿಗೆ ಹೇಳಿದ್ದರಂತೆ. ಅವಳು ಬೇಡವೆಂದಿದ್ದಳು.

"ನೀನು ಓದೋ ತನಕ ನಾನು ಮುಟ್ಟಲ್ಲ," ಎಂದಳು ಗಂಡನಿಗೆ. "ಆರು ಅಧ್ಯಾಯ ಇದರ ಕೈಗೆ ಕೊಡ್ತಿದ್ದೀನಿ. ನೀನು ಸರಿ ಅಂದ್ರೆ ಕಣ್ಣು ಮುಚ್ಕೊಂಡು ಬಳಸ್ತೀನಿ. ಸ್ವಲ್ಪ ಬೇಗ ನೋಡು, ಅಷ್ಟೆ."

ಇಷ್ಟರಲ್ಲಿ ಅವನ ಕಿವಿಗೆ ಬಿದ್ದದ್ದು 'ಬೇಗ ನೋಡು' ಎಂಬುದೊಂದೇ. ಮಿಂಚುಹುಳನ ಪರವಾಗಿ ವಕಾಲತ್ತು ಮಾಡಲು ಬಂದಿದ್ದಾಳೆ ಎಂದುಕೊಂಡ. ಬಾಕಿಯದೆಲ್ಲ ಅವನಿಗೇ ಹೇಳಿದ ಮಾತಾಗಿತ್ತು, ಅವನು ವರ್ಷಗಳಿಂದ ಕೇಳಲು ಆಸೆಪಟ್ಟ ಮಾತೂ ಆಗಿತ್ತು. ಎದುರಿಗಿಟ್ಟರೂ ಕಾಣಲಿಲ್ಲ.

ಸರಿ, ಓದಲು ಕೂತ. ಓದಲು ಎನ್ನುವುದಕ್ಕಿಂತ ಮೊಸರಿನಲ್ಲಿ ಕಲ್ಲು ಹುಡುಕಲು. ರಜೆಯ ದಿನ ಬೆಳಗ್ಗೆ ಕೂತವನು ತಿಂಡಿಗೂ ಏಳಲಿಲ್ಲ. ಬರವಣಿಗೆ ಚೆನ್ನಾಗಿತ್ತು. ಎಲ್ಲಿ ಏನು ನಡೆಯುತ್ತದೆಂದು ಮಗುವಿಗೂ ತಿಳಿಯುವಂತಿತ್ತು. ಅವನ ಹಳೆಯ ಸಾಲುಗಳನ್ನು ಬಳಸಿಕೊಂಡ ಕಡೆಯಲ್ಲೆಲ್ಲ 'ಇದು ಯಜಮಾನರ ಯೋಚನೆ' ಎಂದು ಟಿಪ್ಪಣಿ ಹಾಕಿದ್ದರು. ಆ ವಿನಯ ನೋಡಿ ಅವನಿಗೆ ಇನ್ನಷ್ಟು ಹೊಟ್ಟೆ ಉರಿಯಿತು. ಕೆಟ್ಟವನಾಗಿದ್ದರೆ ದ್ವೇಷಿಸಲು ಎಷ್ಟು ಸಲೀಸಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಕಲ್ಲು ಸಿಕ್ಕಿತು. ಒಬ್ಬರೇ ಲೇಖಕರು ಒಂದೇ ವರ್ಷದಲ್ಲಿ ಎರಡು ಲೇಖನ ಬರೆದಿದ್ದರೆ ಹೆಸರು-ವರ್ಷ ಹೇಳಿದರೆ ಸಾಲದು. ಯಾವ ಲೇಖನವೆಂದು ತಿಳಿಯಲು ವರ್ಷದ ಪಕ್ಕ 'ಎ', 'ಬಿ' ಎಂದು ಅಕ್ಷರ ಹಾಕುತ್ತಾರೆ. ಪಠ್ಯದಲ್ಲಿ 'ಎ' ಎಂದಿದ್ದರೆ ಓದುವವರು ಕೊನೆಯ ಆಕರಪಟ್ಟಿಗೆ ಹೋಗಿ 'ಎ' ನೋಡಿಕೊಳ್ಳುತ್ತಾರೆ. ಮಿಂಚುಹುಳ ಪಠ್ಯದಲ್ಲಿ ಯಾವುದು ಮೊದಲು ಬಂತೋ ಅದಕ್ಕೆ 'ಎ' ಕೊಟ್ಟಿದ್ದರು. ಕೊನೆಯ ಪಟ್ಟಿಯಲ್ಲಿ ಮಾತ್ರ ಶೀರ್ಷಿಕೆಯ ಅಕಾರಾದಿಯಲ್ಲಿ ಯಾವುದು ಮೊದಲೋ ಅದಕ್ಕೆ 'ಎ'. ಎರಡು ಕ್ರಮ ಹೊಂದಿದರೆ ಬಚಾವು. ಹೊಂದದಿದ್ದರೆ ಒಂದು ಲೇಖನದ ಮಾತು ಇನ್ನೊಂದರ ತಲೆಗೆ ಹೋಗುತ್ತದೆ, ನೋಡಿದವರಿಗೆ ಏನೂ ಅನುಮಾನ ಬರದಂತೆ. ಖಚಿತಪಡಿಸಿಕೊಳ್ಳಲು ಅವನು 'ಕಾಗೆ' ಎಂಬ ಸುಳ್ಳು ಲೇಖಕನನ್ನು ಹುಟ್ಟಿಸಿ, ಅವನ ಹೆಸರಿನಲ್ಲಿ ಒಂದೇ ವರ್ಷ ಎರಡು ಸುಳ್ಳು ಪುಸ್ತಕ ಬರೆಸಿ ನೋಡಿದ. ಅಕ್ಷರಗಳು ಅದಲುಬದಲಾಗಿ ಬಂದವು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವನಿಗೆ ಹಸಿವಾಯಿತು.

ಓದುವವನು ತಪ್ಪು ಕಂಡರೆ ಕೆಳಗೆ ಬರೆಯಬೇಕು, ಬರೆದವರು ತಿದ್ದಬೇಕು. ಅವನು ಬರೆಯಲು ಶುರುವನ್ನೂ ಮಾಡಿದ. ಎರಡು ಸಾಲು ಬರೆದವನಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಮಿಂಚುಹುಳ ಒಡನೆಯೇ ಧನ್ಯವಾದ ಹೇಳುತ್ತಾರೆ, ಸಂಜೆಯೊಳಗೆ ಸರಿಮಾಡುತ್ತಾರೆ, ತಪ್ಪನ್ನು ಎಷ್ಟು ಚೆನ್ನಾಗಿ ಒಪ್ಪಿಕೊಂಡರೆಂದು ಜನ ಮತ್ತೆ ಚಪ್ಪಾಳೆ ತಟ್ಟುತ್ತಾರೆ. ಹೆಂಡತಿ ಮತ್ತೆ ಫೋನು ನೋಡಿ ನಗುತ್ತಾಳೆ. ಅವನು ಬರೆದದ್ದನ್ನು ಅಳಿಸಿದ. ತಪ್ಪು ಹಾಗೆಯೇ ಹೊರಗೆ ಹೋಗಲಿ. ಎಲ್ಲೋ ಯಾರೋ ಒಬ್ಬ ಪ್ರಾಧ್ಯಾಪಕ ಅದನ್ನು ಹಿಡಿದು ರಂಪ ಮಾಡಲಿ. ಆಗ ಜನಕ್ಕೆ ಗೊತ್ತಾಗುತ್ತದೆ, ವರ್ಷಗಟ್ಟಲೆ ಕೂತು ಮಾಡುವುದಕ್ಕೂ ವಾರಗಳಲ್ಲಿ ಮಾಡುವುದಕ್ಕೂ ಏನು ವ್ಯತ್ಯಾಸ ಎಂದು. ಅವನು ಹಸಿರು ಗುರುತು ಹಾಕಿದ. ಹೆಂಡತಿಯ ಪ್ರಬಂಧ ಆ ಹೊತ್ತಿಗೆ ಅವನ ನೆನಪಿಗೇ ಬರಲಿಲ್ಲ ಎಂದರೆ ನಂಬಬೇಕು. ನಂಬಲು ಕಷ್ಟವಾದರೆ ಹೊಟ್ಟೆಕಿಚ್ಚುಪಟ್ಟವರು ಯಾರನ್ನಾದರೂ ಕೇಳಿ ನೋಡಿ.

ವಿಚಿತ್ರವೆಂದರೆ ಚಪ್ಪಾಳೆ ಈ ಸಲ ಅವನಿಗೂ ಬಿತ್ತು. ಯಜಮಾನರ ದೊಡ್ಡ ಮನಸ್ಸು ಎಂದು ಅಜ್ಜ ಬರೆದ. ಯಜಮಾನರು ಓದಿದ್ದೇ ನನ್ನ ಭಾಗ್ಯ ಎಂದು ಮಿಂಚುಹುಳ ಬರೆದರು. ಹೆಂಡತಿ ಹಿಂದಿನಿಂದ ಬಂದು ಅವನ ಹೆಗಲ ಮೇಲೆ ಗಲ್ಲ ಊರಿ ನಿಂತು ಪರದೆಯ ಮೇಲಿನ ಹಸಿರನ್ನು ನೋಡಿದಳು. ಅಂದೇ ಆರು ಅಧ್ಯಾಯಗಳನ್ನೂ ಹೊಸ ಪದ್ಧತಿಗೆ ಬದಲಾಯಿಸಿದಳು. ಮನೆಯಲ್ಲಿ ಒಂದಿಷ್ಟು ದಿನ ಮದುವೆಯ ಹೊಸತರಂತೆ ಕಳೆಯಿತು. ತನಗೆ ಬೇಕಾಗಿದ್ದದ್ದು ಇದೇ ಅಲ್ಲವೇ ಎಂದು ಅವನಿಗೆ ಅನಿಸಿತು. ಕಾಗೆಯ ಎರಡು ಪುಸ್ತಕಗಳನ್ನು ಅವನು ಹೆಚ್ಚುಕಡಿಮೆ ಮರೆತೇಬಿಟ್ಟ.

ಭಾನುವಾರ ಬೆಳಗ್ಗೆ ಅವಳು ಪ್ರಬಂಧವನ್ನು ಅಚ್ಚು ತೆಗೆದು ಮೇಜಿನ ಮೇಲೆ ಪೇರಿಸಿಟ್ಟಿದ್ದಳು. ಮರುದಿನ ಅದು ರಟ್ಟು ಹಾಕಿಸಲು ಹೋಗಬೇಕು, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ. ಅವಳು ಕಾಫಿ ಲೋಟ ಹಿಡಿದು ಕಾಲು ಚಾಚಿ ಕೂತಿದ್ದಳು, ಬಹಳ ದಿನಗಳ ಮೇಲೆ.

"ಆಕರಪಟ್ಟಿ ಒಂದು ಬಿಟ್ಟು ಎಲ್ಲಾ ಓದಿದೆ," ಎಂದಳು. "ಅದನ್ನ ಮಾಡೋ ಭಾಗ ನೀನು ನೋಡಿದ್ದೀಯಲ್ಲ, ಅದಕ್ಕೇ ಬಿಟ್ಟೆ. ಗೊತ್ತಾ, ಪ್ರಬಂಧದ ಪರೀಕ್ಷೆಗೆ ದೊಡ್ಡಮ್ಮನೇ ಬರ್ತಿದ್ದಾರೆ."

ದೊಡ್ಡಮ್ಮ ನೆಂಟರಲ್ಲ. ಉಗ್ಗಿನ ಬಗ್ಗೆ ಹೆಸರು ಮಾಡಿದ ಹಿರಿಯ ಸಂಶೋಧಕಿ. ಹೆಂಡತಿಯ ಬಾಯಲ್ಲಿ ದಿನಬೆಳಗಾದರೆ ಅವರ ಮಾತೇ ಬರುತ್ತಿದ್ದುದರಿಂದ ಮನೆಯಲ್ಲಿ ಆ ಹೆಸರು ಬಿದ್ದಿತ್ತು. ಅವರ ಕಥೆ ಅವನಿಗೆ ಊಟದ ಜೊತೆ ಎಷ್ಟೋ ಸಲ ಬಡಿಸಿದ್ದೇ. ಮಗು ಉಗ್ಗಿದರೆ ತಡೆದು ಮತ್ತೆ ಹೇಳಿಸಬೇಕೆಂದು ಅವರು ಒಂದು ಲೇಖನ ಬರೆದಿದ್ದರು. ಅದೇ ವರ್ಷ, ತಾನು ಹೇಳಿದ್ದು ತಪ್ಪು, ಹಾಗೆ ತಡೆದರೆ ಮಗುವಿನ ಮಾತೇ ನಿಂತುಹೋಗುತ್ತದೆ ಎಂದು ಒಪ್ಪಿಕೊಂಡು ಇನ್ನೊಂದನ್ನು ಬರೆದರು. ಆರನೇ ಅಧ್ಯಾಯ ನಿಂತಿದ್ದು ಆ ಎರಡನೆಯದರ ಮೇಲೆ. ಒಂದೇ ವರ್ಷ, ಎರಡು ಲೇಖನ. ಅವನಿಗೆ ಕಾಗೆಯ ಎರಡು ಪುಸ್ತಕ ನೆನಪಾಯಿತು.

ಅವನು ಎದ್ದು ಹೋಗಿ ಆರನೇ ಅಧ್ಯಾಯ ತೆಗೆದ. ಕೊನೆಯ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡ. ಅಕ್ಷರಗಳು ಅದಲುಬದಲಾಗಿದ್ದವು. ದೊಡ್ಡಮ್ಮ ತಾವೇ ಬಿಸಾಡಿದ ಮಾತನ್ನು ಈ ಪ್ರಬಂಧ ಹತ್ತಾರು ಕಡೆ ಎತ್ತಿ ಹಿಡಿಯುತ್ತಿತ್ತು, ಅವರು ಒಪ್ಪಿದ್ದನ್ನು ಅಲ್ಲಗಳೆಯುತ್ತಿತ್ತು. ಪರೀಕ್ಷೆಗೆ ಬಂದು ಕೂತವರ ಎದುರಿಗೆ ಅವರ ಮಾತನ್ನೇ ತಲೆಕೆಳಗೆ ಹಿಡಿದಂತೆ. ಏನಾಯಿತೆಂದು ಅವಳು ಎದ್ದು ಬಂದು ಕೇಳಿದಳು. ಅವನು ಬೆರಳಿಟ್ಟು ತೋರಿಸಿದ. ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

ಈಗ ತಾನೇ ಹೊಳೆಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಅವಳಿಗೆ ಅವನ ಮೇಲೆ ಸಿಟ್ಟೂ ಬಂದಿರಲಿಲ್ಲ. ತಲೆ ನೇವರಿಸಿ ಸಮಾಧಾನ ಮಾಡುವಂಥ ದನಿಯಲ್ಲೇ ಮಾತಾಡಿದಳು.

"ಹೋಗ್ಲಿ ಬಿಡು, ನಿನ್ನ ಕಣ್ಣಿಗೆ ಬಿದ್ದಿಲ್ಲ. ಎಲ್ಲಾ ಒಬ್ರಿಗೇ ಕಾಣ್ಬೇಕು ಅಂತೇನಿದೆ? ಮಿಂಚುಹುಳಾನ ಕೇಳ್ತೀನಿ, ಅವರಿಗೆ ಗೊತ್ತಾಗತ್ತೆ."

ಅವನಿಗೆ ಎಲ್ಲಿತ್ತೋ ಆ ಉರಿ, ಒಂದೇ ಸಲಕ್ಕೆ ನೆತ್ತಿಗೇರಿತು.

"ಅವನಿಗೇನು ಗೊತ್ತಾಗತ್ತೆ?" ಎಂದ. "ತಪ್ಪು ಮಾಡಿದವನೇ ಅವನು. ನನಗೆ ಕಂಡಿತ್ತು. ಓದಿದ ದಿನಾನೇ ಕಂಡಿತ್ತು. ಪರೀಕ್ಷೆ ಮಾಡಿಯೂ ನೋಡಿದ್ದೆ."

ಹೇಳಿ ಮುಗಿಸುವಾಗ ಅವನ ಮುಖದಲ್ಲಿ ಒಂದು ಬಗೆಯ ಗೆಲುವೂ ಇತ್ತು. ಅದು ಇಳಿಯಲು ಒಂದು ಕ್ಷಣ ಸಾಕಾಯಿತು, ಏಕೆಂದರೆ ಅವಳು ಅವನನ್ನೇ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಮಕ್ಕಳು ಮಾತು ಮುಗಿಸಲೆಂದು ಕಾಯುವವಳು ಅವಳು. ಅಷ್ಟೇ ತಾಳ್ಮೆಯಿಂದ ಈಗಲೂ ಕಾದಳು.

"ಕಂಡ ಮೇಲೂ ಹಸಿರು ಹಾಕಿದೆ," ಎಂದಳು ಅವಳು ಕೊನೆಗೆ.

ಅವನು ತಲೆಯಾಡಿಸಿದ.

"ನಾನು ನಿನ್ನ ಹಸಿರಿಗೇ ಕಾಯ್ತಿದ್ದೆ," ಎಂದಳು. ಕೂಗಾಡಿದ್ದರೆ ಅವನಿಗೆ ಬದುಕಿಕೊಂಡೆನೆನಿಸುತ್ತಿತ್ತು.

ಅವಳು ಲ್ಯಾಪ್‌ಟಾಪ್ ಎಳೆದುಕೊಂಡು ಚರ್ಚೆಯ ಪುಟದಲ್ಲಿ ಏನೋ ಬರೆದಳು. ಅವನು ಮೇಜಿನ ಈ ತುದಿಗೆ ಬಂದು ತನ್ನ ಪರದೆಯಲ್ಲಿ ಅದನ್ನು ಓದಿದ. ಈಗ ಊರಿಗೆಲ್ಲ ಗೊತ್ತಾಗುತ್ತದೆ ಎಂದುಕೊಂಡಿದ್ದ. ಅವಳು ತಪ್ಪನ್ನು ಚೊಕ್ಕವಾಗಿ ವಿವರಿಸಿದ್ದಳು. ಕೊನೆಯಲ್ಲಿ, 'ಸೂಕ್ಷ್ಮವಾದ ತಪ್ಪು, ಯಜಮಾನರ ಕಣ್ಣಿಗೂ ಬಿದ್ದಿರಲಿಲ್ಲ' ಎಂದು ಸೇರಿಸಿದ್ದಳು. ಅವನ ಮಾನ ಉಳಿಸಲು ಬರೆದ ಆ ಸುಳ್ಳು ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಸ್ವಲ್ಪ ಹೊತ್ತಿನಲ್ಲೇ ಮಿಂಚುಹುಳ ಉತ್ತರಿಸಿದರು: ತಪ್ಪು ಪೂರ್ತಿ ನನ್ನದು, ಯಜಮಾನರನ್ನು ದೂರಬೇಡಿ, ಎಲ್ಲರ ಕಣ್ಣೂ ಒಂದಲ್ಲ ಒಂದು ಸಲ ತಪ್ಪುತ್ತದೆ. ಕೆಳಗೆ ಒಬ್ಬೊಬ್ಬರಾಗಿ ಬಂದು ಅವನಿಗೆ ಸಮಾಧಾನ ಹೇಳತೊಡಗಿದರು. ವಯಸ್ಸಾಯಿತಲ್ಲ ಎಂದು ಅಜ್ಜ ಬರೆದ. ನನಗೆ ಕಂಡಿತ್ತು ಎಂದು ಬರೆಯಲು ಅವನು ಬೆರಳೆತ್ತಿದ, ಹಾಗೇ ಇಳಿಸಿದ.

ತಿದ್ದುಪಡಿ ಸಂಜೆಯೊಳಗೆ ಬರುತ್ತದೆ, ಆದರೆ ಅದನ್ನು ನಂಬಿ ಕೂರಲು ಅವಳು ಸಿದ್ಧಳಿರಲಿಲ್ಲ. ಪ್ರಬಂಧದ ಅಷ್ಟೂ ಹಾಳೆಗಳನ್ನು ಮುಂದಕ್ಕೆಳೆದುಕೊಂಡು, ಎಡಗೈ ಬೆರಳನ್ನು ಆಕರಪಟ್ಟಿಯ ಮೇಲಿಟ್ಟು, ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಮೊದಲ ಪುಟದಿಂದ ಒಂದೊಂದೇ ಬ್ರಾಕೆಟ್ ನೋಡುತ್ತ ಬಂದಳು. ಕಾಫಿ ಆರಿ ಕೆನೆಗಟ್ಟಿತ್ತು. ಅವನು ಎದ್ದು ಹೋಗಿ ಬಿಸಿ ಮಾಡಿ ತಂದಿಟ್ಟ. ಅವಳು ಮುಟ್ಟಲಿಲ್ಲ. ಎದುರಿಗೆ ಕೂತು, ಅರ್ಧ ಹಾಳೆಗಳನ್ನು ನನಗೆ ಕೊಡು, ಇಬ್ಬರೂ ನೋಡಿದರೆ ಬೇಗ ಮುಗಿಯುತ್ತದೆ ಎಂದು ಕೇಳಿದ.

"ಬೇಡ," ಎಂದಳು ಅವಳು, ಬೆರಳು ತೆಗೆಯದೆ. "ನೀನು ನೋಡಿದ್ದನ್ನ ನಾನು ಇನ್ನೊಂದು ಸಲ ನೋಡ್ಬೇಕಾಗತ್ತೆ."